ಮಾಷ್ಟ್ರು ನೀರು ಕಳಿಸಿದ ದಿನ

ಕುರ್ಚಿಯಲ್ಲಿ ಕೂತರೆ ಮಾಷ್ಟ್ರು ಪಾದಗಳನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ಚಪ್ಪಲಿ ಕಳಚಿಟ್ಟು ಎರಡೂ ಕಾಲು ಮಡಚಿ ಮೇಲೆ ಎತ್ತಿಕೊಳ್ಳುತ್ತಿದ್ದರು. ಸೂಟು ತೊಟ್ಟ ಅಧಿಕಾರಿಗಳು ಎದುರಿಗಿದ್ದರೂ ಅಷ್ಟೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಅವರು ಮಾಲ್ಡೀವ್ಸಿನ ಒಂದು ಚಿಕ್ಕ ದ್ವೀಪದಲ್ಲಿ ಗಣಿತ ಕಲಿಸುತ್ತಿದ್ದಾಗ, ಒಂದು ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟರೆ ಮಂಚದಡಿ ಕಡಲು ಬಂದು ನಿಂತಿತ್ತಂತೆ. ಅದನ್ನು ಕೇಳಿದ ಮೇಲೆ ನಾನು ನಗಲಿಲ್ಲ. ನನ್ನ ತವರೂ ಉಳ್ಳಾಲದ ಕಡಲ ಬದಿ. ಮಳೆಗಾಲದಲ್ಲಿ ಅಮ್ಮನ ಫೋನು ಬಂದರೆ ಎತ್ತುವ ಮೊದಲೇ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮಾಷ್ಟ್ರು ಕುಂದಾಪುರದವರು. ಹರೆಯದಲ್ಲೇ ಹೆಂಡತಿಯೊಂದಿಗೆ ಆ ದ್ವೀಪಕ್ಕೆ ಹೋದವರು ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಹಿಂದೂ ಮಹಾಸಾಗರದ ಕೆಲವು ಪುಟ್ಟ ದ್ವೀಪದೇಶಗಳು, ಒಬ್ಬೊಬ್ಬರಿಗೇ ಕೊಳ್ಳಲಾಗದ ಔಷಧಿ, ಯಂತ್ರಗಳನ್ನು ಒಟ್ಟಾಗಿ ಕೊಳ್ಳೋಣವೆಂದು ದುಬೈಯಲ್ಲಿ ಆಫೀಸು ತೆರೆದಾಗ, ದೊಡ್ಡ ಹುದ್ದೆಗೇರಿದ್ದ ಹಳೆಯ ಶಿಷ್ಯರೇ ಅವರನ್ನು ಕರೆತಂದು ಅದರ ಮುಖ್ಯಸ್ಥರಾಗಿ ಕೂರಿಸಿದರು. ಊದ್ ಮೇಥಾ ಬಡಾವಣೆಯಲ್ಲಿ ಎರಡು ಕೋಣೆಯ ಆಫೀಸು. ಸರಕು ಸಾಗಣೆ ನನ್ನ ಕೆಲಸ.

ಅವರಷ್ಟು ಹೆದರುವವರನ್ನು ನಾನು ಕಂಡಿಲ್ಲ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದರು. ಅಬುಧಾಬಿ ರಸ್ತೆಯಲ್ಲಿ ಕಾರು ಜೋರಾದರೆ ಡ್ರೈವರನ ಹೆಗಲು ಹಿಡಿಯುತ್ತಿದ್ದರು. “ಹೆದರಿಕೆ ಆಗ್ತದೆ ಮಾರಾಯ್ತಿ, ಎಂತ ಮಾಡುದು?” ಎನ್ನಲು ಅವರಿಗೆ ನಾಚಿಕೆಯೇ ಇರಲಿಲ್ಲ.

ಕಡಲ ನೀರನ್ನು ಸಿಹಿ ಮಾಡುವ ಯಂತ್ರವೊಂದನ್ನು ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಮಾಡಿಸಿ ಇಟ್ಟಿದ್ದೆವು. ಯಾರಿಗೆ ಕಷ್ಟ ಹೆಚ್ಚೋ ಅವರಿಗೆ ಮೊದಲು ಎಂದು ಎಲ್ಲ ದೇಶಗಳೂ ಒಪ್ಪಿದ್ದವು. ಅದನ್ನು ತೀರ್ಮಾನಿಸಬೇಕಾದವರು ಮಾಷ್ಟ್ರು. ಒಂದು ವರ್ಷ, ನಮ್ಮ ಸದಸ್ಯ ದೇಶಗಳಲ್ಲೊಂದಾದ ಕೊಮೊರೊಸಿಗೆ ಚಂಡಮಾರುತ ಬಡಿಯಿತು. ಅದೇ ವಾರ ಮಾಲ್ಡೀವ್ಸಿನ ಆ ಚಿಕ್ಕ ದ್ವೀಪದ ಮೇಲೂ ಕಡಲು ಹತ್ತಿತು. ಅಲ್ಲಿನ ಶಾಲೆಯಲ್ಲಿ ಈಗ ಟೀಚರಾಗಿದ್ದವಳು ಮಾಷ್ಟ್ರ ಒಬ್ಬಳೇ ಮಗಳು. ಅವಳಿಗೆ ಎಳೆಯ ಹೆಣ್ಣುಮಗುವಿತ್ತು.

ಯಂತ್ರ ತಮಗೆ ಬೇಕೆಂದು ಎರಡೂ ದೇಶದ ಅಧಿಕಾರಿಗಳಿಂದ ಫೋನು ಬಂತು. ಅಲ್ಲಿ ಕುಡಿಯಲು ಈಗ ಏನಿದೆ ಎಂದು ಮಾಷ್ಟ್ರು ಇಬ್ಬರನ್ನೂ ಕೇಳಿದರು. ಕಡಲು ತಣಿದರೆ ದೋಣಿಯಲ್ಲಿ ಬಾಟಲಿ ನೀರು ತಲುಪಬಹುದು ಎಂದರು ಮಾಲ್ಡೀವ್ಸಿನವರು. ಕೊಮೊರೊಸಿನ ಆಸ್ಪತ್ರೆಯಲ್ಲಿ ವಾಂತಿಭೇದಿಯ ಮಕ್ಕಳು ತುಂಬಿದ್ದರು, ಹನಿ ನೀರಿರಲಿಲ್ಲ.

ನಾವು ಮುಸಫ್ಫಾ ತಲುಪಿದಾಗ ಮಗಳ ಫೋನು ಬಂತು. ಮಾಷ್ಟ್ರು ಅದನ್ನು ನನ್ನ ಕಡೆ ಚಾಚಿದರು, ಸ್ಪೀಕರ್ ಒತ್ತಿದವಳು ನಾನು.

“ಅಪ್ಪಾ, ಬಾವಿ ಇಡೀ ಉಪ್ಪು. ಮಗುವಿಗೆ ಕೊಡ್ಲಿಕ್ಕೆ ಸ್ವಲ್ಪವೇ ನೀರು ಉಳಿದಿರುದು. ಮಿಷನ್ ಇಲ್ಲಿಗೆ ಕಳಿಸ್ತೀರಲ್ಲ?”

“ಬೋಟು ಬರ್ತದೆ ಮಗಾ. ಹೆದರಬೇಡ,” ಎಂದಷ್ಟೇ ಹೇಳಿ ಅವರು ಫೋನು ಇಟ್ಟರು.

ಯಂತ್ರ ಆಗಲೇ ಲಾರಿ ಏರಿತ್ತು. ಉಡುಪಿ ಕಡೆಯ ಫೋರ್‌ಮನ್ ಹತ್ತಿರ ಬಂದ. “ಯಾವ ಊರಿಗೆ ಅಂತ ಹೇಳಿ ಮಾಷ್ಟ್ರೇ, ನೀವು ಯಲ್ಲಾ ಅಂದ್ರೆ ಸಾಕು, ಈಗಲೇ ಹೊರಡ್ತದೆ.”

“ಕೊಮೊರೊಸ್,” ಎಂದರು ಮಾಷ್ಟ್ರು.

ಲಾರಿ ಗೇಟು ದಾಟಿದ್ದೇ ಅವರ ಕಾಲು ಕುಸಿಯಿತು. ನಾನು ಓಡಿ ಹಿಡಿದುಕೊಂಡೆ. ನನ್ನ ತೋಳಿಗೆ ಮುಖ ಒತ್ತಿಕೊಂಡು, “ಎಂಥ ಅಪ್ಪ ನಾನು,” ಎಂದು ಸಣ್ಣ ಮಗುವಿನ ಹಾಗೆ ಅತ್ತರು.

ಆಮೇಲೆ ಮಗಳಿದ್ದ ದ್ವೀಪದ ಫೋನು ಸತ್ತುಹೋಯಿತು. ಕಡಲು ತಣಿಯಲಿಲ್ಲ, ಚಿಕ್ಕ ದೋಣಿಗಳು ಹೊರಡಲಿಲ್ಲ. ಮಾಷ್ಟ್ರು ಊಟ ಬಿಟ್ಟು, ಬೇರೆ ಸದಸ್ಯ ದೇಶಗಳಿಗೆಲ್ಲ ಫೋನು ಮಾಡಿ ಬೇಡುತ್ತಿದ್ದರು. ಬಾಗಿಲು ಬಡಿದ ಸದ್ದಾದರೂ ಬೆಚ್ಚುತ್ತಿದ್ದರು. ಮಗುವಿಗೆ ಏನಾದರೂ ಆದರೆ ಆ ಸುದ್ದಿಯ ಫೋನನ್ನು ಎತ್ತಬೇಕಾದವಳು ನಾನೇ. ಕೊನೆಗೆ ಸೇಶೆಲ್ಸಿನವರು, ಆ ದಾರಿಯಲ್ಲಿದ್ದ ತಮ್ಮ ಹಡಗೊಂದನ್ನು ತಿರುಗಿಸಿ ನೀರು ಇಳಿಸಿದರು. ಅಷ್ಟರಲ್ಲಿ ಮಗು ಬಾವಿಯ ನೀರು ಕುಡಿದು ಸಾಯುವ ಹಾಗಾಗಿತ್ತು. ಹೇಗೋ ಬದುಕಿತು.

ಮಗಳು ಅಪ್ಪನೊಂದಿಗೆ ಮಾತು ಬಿಟ್ಟಳು. ಮಾಷ್ಟ್ರು ವಾರವಾರವೂ ಫೋನು ಮಾಡುತ್ತಿದ್ದರು, ಅವಳು ಎತ್ತುತ್ತಿರಲಿಲ್ಲ. ಅವಳದ್ದು ತಪ್ಪಲ್ಲ ಎನ್ನುತ್ತಿದ್ದರು.

ಕಳೆದ ವರ್ಷ ಮಾಷ್ಟ್ರು ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದಾಗ ನಾನೇ ಅವಳಿಗೆ ತಿಳಿಸಿದೆ. ಬಂದಳು. ಆದರೆ ವಾರ್ಡಿನ ಹೊರಗೇ ನಿಂತಳು. ಅಲ್ಲೇ ನನ್ನನ್ನು ಕೇಳಿದಳು.

“ಆ ದಿನ ಅಪ್ಪ ಅಷ್ಟು ತಣ್ಣಗೆ ಹೇಗೆ ಮಾತಾಡಿದ್ರು ಅಕ್ಕಾ? ಅವರಿಗೆ ಏನೂ ಅನ್ನಿಸ್ಲೇ ಇಲ್ವಾ?”

“ನಿನ್ನ ಫೋನು ಇಟ್ಟ ಮೇಲೆ ಅವರಿಗೆ ನಿಲ್ಲಲಿಕ್ಕೇ ಆಗ್ಲಿಲ್ಲ,” ಎಂದೆ. “ನಾನು ಹಿಡ್ಕೊಂಡಿದ್ದೆ. ನೀನು ಹೆದರ್ಬಾರ್ದು ಅಂತ ನಿನ್ನ ಹತ್ರ ಮಾತ್ರ ಹಾಗೆ ಮಾತಾಡಿದ್ದು.”

ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಮಾಷ್ಟ್ರಿಗೆ ಇನ್ನೂ ಎಚ್ಚರವಿತ್ತು.