ಮತ್ತೆ ಎದ್ದ ರೆಪ್ಪೆಗಂಟು

ಚಾಪೆ ಹೆಣೆಯುವುದರಲ್ಲಿ ವವಾವು ದ್ವೀಪದಲ್ಲೇ ಕಲೊಲೈನಳ ಕೈಗೆ ಸಾಟಿಯಿರಲಿಲ್ಲ. ಐವತ್ತೊಂಬತ್ತು ತುಂಬಿದ್ದರೂ ಕೇದಗೆ ಗರಿಯನ್ನು ಎಳೆಎಳೆಯಾಗಿ ಸೀಳುತ್ತಿದ್ದಳು. ಆ ವರ್ಷ ಅವಳ ಬಲಗಣ್ಣಿನ ಮೇಲುರೆಪ್ಪೆಯಲ್ಲಿ ಮೆಣಸಿನ ಕಾಳಿನಷ್ಟು ಗಂಟೊಂದು ಎದ್ದಿತು. ನೋವಿಲ್ಲ, ಕೀವಿಲ್ಲ.

ಕಣ್ಣಿನ ನರ್ಸ್ ಸಿಯೊಸಿಯುವ ಅವಳ ಊರಿನವನೇ. ರೆಪ್ಪೆಯೊಳಗಿನ ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡಿದೆ, ಬೆಚ್ಚನೆಯ ಒದ್ದೆಬಟ್ಟೆಯಿಂದ ದಿನಕ್ಕೆ ನಾಲ್ಕು ಸಲ ಶಾಖ ಕೊಟ್ಟು ಮೆಲ್ಲಗೆ ತಿಕ್ಕು, ಹೆಚ್ಚಿನವು ಹಾಗೇ ಕರಗುತ್ತವೆ ಎಂದ. ಎರಡು ತಿಂಗಳು ತಪ್ಪದೆ ಮಾಡಿದಳು. ಕರಗಲಿಲ್ಲ. ಆಮೇಲೆ ಉಳಿದದ್ದು ಗಂಟಿಗೇ ಇಂಜೆಕ್ಷನ್, ಇಲ್ಲವೇ ರೆಪ್ಪೆ ಮಗುಚಿ ಒಳಗಿನಿಂದ ಕೊಯ್ದು ಕೆರೆದು ತೆಗೆಯುವುದು. ಅವಳು ಅವನಿಂದಲೇ ಕೊಯ್ಸಿಕೊಂಡಳು. ಹತ್ತು ನಿಮಿಷದ ಕೆಲಸ.

ಮೂರು ತಿಂಗಳಿಗೆ ಗಂಟು ಅದೇ ಜಾಗದಲ್ಲಿ ಮತ್ತೆ ಎದ್ದಿತು.

ನಾದಿನಿ ಆನಾ ಸೂಜಿ ಕಾಯಿಸಿಕೊಂಡೇ ಬಂದಳು. "ಅತ್ತಿಗೆ, ಅವನ ಹತ್ರ ಹೋಗಿ ಆಗಿದ್ದಾದ್ರೂ ಏನು? ಒಂದ್ಸಲ ಚುಚ್ಚಿಬಿಡ್ತೀನಿ, ಅಲುಗಾಡ್ಬೇಡ."

ಕಲೊಲೈನ ಕೂತಳು. ಸೂಜಿಯ ಕಾವು ಕೆನ್ನೆಗೆ ತಾಗುವಷ್ಟು ಹತ್ತಿರ ಬಂದಾಗ ರೆಪ್ಪೆ ಹಿಡಿದುಕೊಳ್ಳಲು ಬೆರಳಿಟ್ಟಳು. ಗಂಟಿನ ಕೆಳಗೆ ರೆಪ್ಪೆಗೂದಲೇ ಇರಲಿಲ್ಲ, ಬರೀ ನುಣುಪು. ಆನಾಳ ಕೈ ತಡೆದಳು.

ಮರುದಿನ ರೆಪ್ಪೆ ಮಗುಚಿ ನೋಡಿದ ಸಿಯೊಸಿಯುವ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡ. ತಮಾಷೆಯಿಲ್ಲದೆ ಬಾಯಿ ತೆರೆಯದವನು ಅಂದು ನಗಲಿಲ್ಲ.

"ದೊಡ್ಡಮ್ಮ, ಕೂದಲು ಯಾವಾಗಿಂದ ಉದುರ್ತಿದೆ?"

"ನೋಡ್ಕೊಂಡಿಲ್ಲಪ್ಪ. ಕೆಟ್ಟದ್ದಾ?"

"ಗೊತ್ತಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಮೊದಲನೇ ಸಲಾನೇ ಕಳಿಸ್ಬೇಕಿತ್ತು, ತಪ್ಪು ನಂದೇ. ಅಲ್ಲೀವರೆಗೂ ಯಾರೂ ಅದನ್ನ ಮುಟ್ಬಾರ್ದು."

ಇಪ್ಪತ್ನಾಲ್ಕು ದಿನ ಕಾದಳು. ಮಗ್ಗುಲಲ್ಲಿ ಗರಿಯ ಕಟ್ಟು ಬಿಚ್ಚದೆ ಬಿದ್ದಿತ್ತು. ಎಡಗಣ್ಣು ಮುಚ್ಚಿಕೊಂಡು ಬಂದರಿನ ದೋಣಿಗಳನ್ನು ಎಣಿಸುವುದು, ಮತ್ತೆ ಎಣಿಸುವುದು. ಚರ್ಚಿನಲ್ಲಿ ಆನಾ ಪಕ್ಕದಲ್ಲೇ ಕೂರುತ್ತಿದ್ದಳು, ಸೂಜಿಯ ಮಾತು ಎತ್ತಲಿಲ್ಲ.

ಫಲಿತಾಂಶ ತಿಳಿಸಲು ಸಿಯೊಸಿಯುವ ತಾನೇ ಮನೆಗೆ ಬಂದ. ಎಣ್ಣೆಗ್ರಂಥಿಯ ಕ್ಯಾನ್ಸರ್. ಅಪರೂಪದ್ದು, ಸಾಧಾರಣ ಗಂಟಿನ ವೇಷದಲ್ಲೇ ಬರುತ್ತದೆ; ಅದೇ ಜಾಗದಲ್ಲಿ ಮತ್ತೆ ಎದ್ದು ರೆಪ್ಪೆಗೂದಲು ಉದುರಿಸಿದಾಗಲೇ ಅನುಮಾನ. ಇನ್ನೂ ರೆಪ್ಪೆ ದಾಟಿದಂತಿಲ್ಲ. ಆಕ್ಲೆಂಡಿನ ದೊಡ್ಡ ಆಸ್ಪತ್ರೆಯಲ್ಲಿ ರೆಪ್ಪೆಯ ಮೂರನೇ ಒಂದು ಪಾಲು ತೆಗೆದು ಹೊಲಿದರು. ಕಣ್ಣು ಉಳಿಯಿತು.

ಈಗ ಕಲೊಲೈನಳಿಂದ ಊರಿಗೆ ಸಣ್ಣ ಕಾಟ. ಯಾರ ಕಣ್ಣ ಮೇಲೆ ಗುಳ್ಳೆ ಕಂಡರೂ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಾಳೆ. "ಶಾಖ ಕೊಡು. ಹೋಗ್ಲಿಲ್ಲ ಅಂದ್ರೆ ತೋರ್ಸು. ಹೋಗಿದ್ದು ಅಲ್ಲೇ ಮತ್ತೆ ಬಂದ್ರೆ, ಅವತ್ತೇ ನನ್ನ ಜೊತೆ ನಡಿ."