ಅಪ್ಪ ಕೈ ಎತ್ತಿದ ಕ್ಷಣ

ನನ್ನ ಅಕ್ಷರ ಚೆನ್ನಾಗಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಓದುವವರು ಕ್ಷಮಿಸಬೇಕು.

ನನ್ನ ಅಪ್ಪ ಆ್ಯಂಬ್ರೋಸ್ ಪೆನ್ನಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ನಮ್ಮ ಕರಾವಳಿಯಲ್ಲಿ ಹತ್ತೊಂಬತ್ತು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದರು. ಎದುರು ಬರುವ ಪ್ರತಿ ಗಾಡಿಗೂ ಕೈ ಎತ್ತುವುದು ನಮ್ಮಲ್ಲಿ ರೂಢಿ. ಎತ್ತದವರನ್ನು ಜಂಬದವರು ಎನ್ನುತ್ತಾರೆ. ಕಳೆದ ಅಕ್ಟೋಬರಿನಲ್ಲಿ ಅಪ್ಪ ಒಂದು ಕಾರಿಗೆ ಕೈ ಎತ್ತಿ, ಹೋದವರು ಯಾರೆಂದು ತಿರುಗಿ ನೋಡಿದರು. ಅಷ್ಟರಲ್ಲಿ ವ್ಯಾನು ನಡುಗೆರೆ ದಾಟಿ, ಎದುರಿನಿಂದ ಬಂದ ನೆರೆಮನೆಯ ಸೈಲಸ್ ಮಾವನ ಕಾರಿಗೆ ಗುದ್ದಿತು. ಮಾವನ ಕಾಲು ಮುರಿಯಿತು.

ಗೆರೆ ದಾಟಿದ್ದರೆ ಸಾಕು, ಅದು ಅಪಾಯಕಾರಿ ಚಾಲನೆಯೇ ಎಂದು ನ್ಯಾಯಾಧೀಶರು, ತೀರ್ಪು ಹೇಳಲು ಜನಸಾಮಾನ್ಯರಿಂದ ಆರಿಸಿದ ಜ್ಯೂರಿಗೆ ಹೇಳಿದರು. ಜ್ಯೂರಿಯ ಹನ್ನೆರಡು ಮಂದಿ ಅಪ್ಪ ತಪ್ಪಿತಸ್ಥ ಎಂದರು, ಅಪ್ಪನಿಗೆ ಜೈಲಾಯಿತು. ಒಂದು ಕ್ಷಣದ ಮೈಮರೆವು ಅಪರಾಧವಾಗಲೇಬೇಕಿಲ್ಲ ಎಂಬುದನ್ನೂ ಜ್ಯೂರಿಗೆ ತಿಳಿಸಬೇಕಿತ್ತು ಎಂದು ನಮ್ಮ ವಕೀಲೆ ಮೇಲ್ಮನವಿ ಹಾಕಿದ್ದಾರೆ. ಗೆದ್ದರೆ ಹೊಸ ವಿಚಾರಣೆ. ಆ ವಿಚಾರಣೆ ಮುಗಿಯುವವರೆಗೆ ಅಪ್ಪ ಮನೆಯಲ್ಲಿರಬಹುದು.

ಭಾನುವಾರ ಜೈಲಿನಿಂದ ಅಪ್ಪ ಫೋನು ಮಾಡಿದರು.

"ಸೈಲಸ್ ಹೇಗಿದಾನೆ ಮಗಳೇ?"

"ಕೋಲು ಹಿಡ್ಕೊಂಡು ಓಡಾಡ್ತಾರಪ್ಪ. ಜೈಲಿನ ಬ್ರೆಡ್ಡು ತಾನು ತರ್ತಿದ್ದ ಬ್ರೆಡ್ಡಿಗಿಂತ ಮೆತ್ತಗಿದೆಯಾ ಅಂತ ನಿಮ್ಮಪ್ಪನ್ನ ಕೇಳು ಅಂದ್ರು."

"ಕಲ್ಲು ಕಣೇ. ಅವನ ತಲೆ ಥರಾನೇ ಅಂತ ಹೇಳು."

ಇಬ್ಬರೂ ನಕ್ಕೆವು. ಸಂಜೆ ನಾಲ್ಕಕ್ಕೆ ಬ್ರೆಡ್ಡಿನ ವ್ಯಾನಿನ ಸದ್ದು ಕೇಳಿದರೆ ಈಗಲೂ ನಾನು ಚಹಾಕ್ಕೆ ನೀರಿಡುತ್ತೇನೆ. ಅದನ್ನು ಓಡಿಸುವವರು ಬೇರೆ ಯಾರೋ ಎಂಬುದು ಆಮೇಲೆ ನೆನಪಾಗುತ್ತದೆ.

ಗುರುವಾರ ನಮ್ಮ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಮೇಲ್ಮನವಿ ಕೇಳುತ್ತಾರೆ. ಬೆಳಗಿನ ಟ್ಯಾಕ್ಸಿಯಲ್ಲಿ ಹೋಗಿ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.