ಮುಚ್ಚಳ ಹಾರಿದ ಬಾಟಲಿ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ತೈಲ ಡಿಪೋದ ಪ್ರಯೋಗಾಲಯದಲ್ಲಿ ಎಣ್ಣೆ ಪರೀಕ್ಷಿಸುವ ಆಕೆ ಮಾತ್ರ ಕಣ್ಣು ಮಿಟುಕಿಸುತ್ತಿಲ್ಲ. ಎದುರಿಗೆ ಹಿತ್ತಾಳೆಯ ಪುಟ್ಟ ಬಟ್ಟಲು. ಅದರೊಳಗೆ ಸೀಮೆಎಣ್ಣೆ ನಿಧಾನಕ್ಕೆ ಬಿಸಿಯಾಗುತ್ತಿದೆ. ಥರ್ಮಾಮೀಟರು ಒಂದೊಂದು ಗೆರೆ ಏರಿದಾಗಲೂ ಬಟ್ಟಲಿನ ಕಿಂಡಿ ತೆರೆದು, ಜೋಳದ ಕಾಳಿನಷ್ಟು ಜ್ವಾಲೆಯನ್ನು ಒಳಗೆ ಇಣುಕಿಸುತ್ತಾರೆ. ಆವಿ ಯಾವ ಬಿಸಿಗೆ ‘ಭಗ್’ ಎನ್ನುತ್ತದೋ ಅದೇ ಫಲಿತಾಂಶ. ಮಿತಿಗಿಂತ ಮೊದಲೇ ಎಂದಿತೋ, ಆ ಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿದೆ ಎಂದರ್ಥ. ಅದು ಯಾರದೋ ಅಡುಗೆಮನೆಯ ಬಾಂಬು.

ಮಿತಿ ದಾಟಿದ ಮೇಲೆಯೇ ನೀಲಿ ಮಿಂಚು ಹಾರುತ್ತದೆ. ಪಾಸು.

“ಆಯ್ತಲ್ಲಾ ಅಕ್ಕಾ? ಬೇಗ ಸಹಿ ಹಾಕಿ, ಬೇಗ ಎಣ್ಣೆ ಇಳಿಸ್ಕೋತೀನಿ, ಬೇಗ!” ಎನ್ನುತ್ತಾನೆ ಡಿಪೋದ ಮೇಲ್ವಿಚಾರಕ. ಊರೆಲ್ಲ ಅವನಿಗೆ ಇಟ್ಟ ಹೆಸರು ಬೇಗಪ್ಪ. ಚಳಿಗೆ ಹಟ ಹಿಡಿದ ಸ್ಕೂಟರಿನಂತೆ ಬೇ-ಬೇ-ಬೇ ಎನ್ನುತ್ತಲೇ ಇರುತ್ತದೆ ಅವನ ಮಾತು. ಈಕೆಗೂ ಒಂದು ಅಡ್ಡಹೆಸರಿದೆ: ಮುಚ್ಚಳದಕ್ಕ. “ಬಾಯಿ ಆಮೇಲೆ ಮುಚ್ಚು, ಮೊದ್ಲು ಬಾಟಲಿ ಮುಚ್ಚು” ಎಂದು ಎಲ್ಲರನ್ನೂ ಗದರಿ ಸಂಪಾದಿಸಿದ ಬಿರುದು.

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ, ಎಣ್ಣೆ ತಂದ ಟ್ಯಾಂಕರಿನ ಡ್ರೈವರ್ ನಗುತ್ತಾನೆ. “ನಿಮ್ಮ ಸ್ಯಾಂಪಲ್ ಬಾಟಲಿ ದಾರೀಲಿ ಸೋಡಾ ಥರ ಮುಚ್ಚಳ ಹಾರಿಸ್ತಕ್ಕಾ! ಎಂಜಿನ್ ಪಕ್ಕ ಇಟ್ಟಿದ್ದೆ ನೋಡಿ. ನಾನೇ ಒತ್ತಿ ಮುಚ್ಚಿದೆ.”

ಪೆನ್ನು ಅಲ್ಲೇ ನಿಲ್ಲುತ್ತದೆ. ಬಿಸಿಗೆ ಮುಚ್ಚಳ ಹಾರಿದರೆ ಮೊದಲು ಪರಾರಿಯಾಗುವುದು ಪೆಟ್ರೋಲಿನ ಆವಿಯೇ. ಕಳ್ಳ ಓಡಿಹೋದ ಮೇಲೆ ಮನೆ ಶೋಧಿಸಿದಂತೆ, ಬಟ್ಟಲಿನಲ್ಲಿ ಉಳಿದದ್ದು ಸಂಭಾವಿತ ಎಣ್ಣೆ. ಡ್ರೈವರ್ ತಂದ ಬಾಟಲಿಯಲ್ಲೇ ಪರೀಕ್ಷೆ ಮುಗಿಸುವುದು ಇಲ್ಲಿಯ ರೂಢಿ. ಆದರೂ ಆಕೆ ಟ್ಯಾಂಕರಿನ ಏಣಿಯತ್ತ ನಡೆಯುತ್ತಾರೆ.

“ಪಾಸಾದ್ಮೇಲೂ ಪರೀಕ್ಷೆನಾ? ನಿಮಗೇನು ಹುಚ್ಚಾ?” ಬೇಗಪ್ಪ ಕೂಗುತ್ತಾನೆ.

“ಹೂಂ ಕಣಪ್ಪ. ಏಣಿ ಹಿಡ್ಕೋ.”

ಮಂಡಿ ನೋವಿಗೆ ಹಲ್ಲು ಕಚ್ಚಿ ಹತ್ತುತ್ತಾರೆ. ಬಾಟಲಿಗೆ ಹಗ್ಗ ಕಟ್ಟಿ ಟ್ಯಾಂಕರಿನ ಹೊಟ್ಟೆಗೆ ಇಳಿಸಿ, ಮೇಲಿನದು, ನಡುವಿನದು, ತಳದ್ದು ಬೇರೆಬೇರೆ ತುಂಬಿ, ಅಲ್ಲೇ ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯಲ್ಲಿಟ್ಟು ತರುತ್ತಾರೆ. ಈ ಸಲ ಬಟ್ಟಲು ಬೆಚ್ಚಗಾಗುವ ಮುನ್ನವೇ ಭಗ್! ಅಂದರೆ, ಹಿಂದಿನ ಸರದಿಯಲ್ಲಿ ಪೆಟ್ರೋಲ್ ಸಾಗಿಸಿದ್ದ ಟ್ಯಾಂಕರನ್ನು ಯಾರೋ ಪೂರ್ತಿ ಬರಿದು ಮಾಡದೆಯೇ ಸೀಮೆಎಣ್ಣೆ ತುಂಬಿದ್ದಾರೆ.

ಈ ‘ಭಗ್’ ಆಕೆಗೆ ಹಳೆಯ ಪರಿಚಯ. ತಂಗಿಯ ಸ್ಟೌ ಸಿಡಿದ ದಿನ ಬಾಗಿಲು ಒಡೆದು ಒಳಗೆ ಹೋದವರು ಇವರೇ. ತಂಗಿ ಉಳಿದಳು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಗಂಡನ ಮನೆಯವರು ಅವಳನ್ನು ತಂದುಬಿಟ್ಟು ಹೋದದ್ದು ಈ ಅಕ್ಕನ ಬಾಗಿಲಿಗೆ. ಅಕ್ಕನ ಮನೆಯಲ್ಲಿ ಇಂದಿಗೂ ಬೆಂಕಿಕಡ್ಡಿ ಗೀರುವಂತಿಲ್ಲ. ದಿನಾ ಅವಳ ತಲೆ ಬಾಚುವುದು ಅಕ್ಕನೇ.

“ಆ ಎಣ್ಣೇನೂ ಪಾಸಾಗಿತ್ತಂತೆ,” ಎನ್ನುತ್ತಾರೆ ಬಟ್ಟಲು ಒರೆಸುತ್ತ. “ಪರೀಕ್ಷೆ ಮಾಡ್ದೋರು ತಪ್ಪು ಮಾಡಿರ್ಲಿಕ್ಕಿಲ್ಲ. ಬಾಟಲೀಲಿ ಬಂದದ್ದೇ ಬೇರೆ, ಅವಳ ಸ್ಟೌಗೆ ಹೋದದ್ದೇ ಬೇರೆ.”

ಬೇಗಪ್ಪ ಮುಖ ತಿರುಗಿಸಿ ಹೋಗುತ್ತಾನೆ. ಟ್ಯಾಂಕರು, ಹೊಟ್ಟೆ ತುಂಬಿಕೊಂಡೇ, ಬಂದ ಗೇಟಿನಿಂದ ಹೊರಬೀಳುತ್ತದೆ. ವಾಪಸ್ ಕಳಿಸುವುದಷ್ಟೇ ಆಕೆಯ ಅಧಿಕಾರ. ಗೇಟಿನಾಚೆ ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ, ಇನ್ಯಾವ ಡಿಪೋದಲ್ಲಿ ಇನ್ಯಾವ ಬಾಟಲಿ ಮುಂದಿಡುತ್ತದೋ, ಹೇಳುವವರಿಲ್ಲ.

“ಇವತ್ತೂ ತಂಗಿ ಕೇಳ್ತಾಳೆ, ‘ವಾಪಸ್ ಕಳ್ಸಿದ್ದು ಎಲ್ಲಿಗೆ ಹೋಯ್ತೇ ಅಕ್ಕಾ?’ ಅಂತ,” ಆಕೆ ತನಗೆ ತಾನೇ ಹೇಳಿಕೊಳ್ಳುತ್ತ ಕಿಟಕಿ ಮುಚ್ಚುತ್ತಾರೆ. “ಸನ್ಮಾನ ಗಿನ್ಮಾನ ಏನೂ ಬೇಡ ನನಗೆ. ‘ಯಾರ ಮನೆಗೂ ಹೋಗ್ಲಿಲ್ಲ ಕಣೇ’ ಅಂತ ಒಂದೇ ಒಂದ್ಸಲ ಅವಳಿಗೆ ಹೇಳ್ಬೇಕು. ಸುಳ್ಳಾಗದ ಹಾಗೆ.”